ಡಿಸ್ಕ್ ಹೋಗಿರ್ಲಿಲ್ಲ
ತಂಗಿ ಲ್ಯಾಪ್‌ಟಾಪು ಬಯಾಸ್ (ಆನ್ ಮಾಡಿದ ತಕ್ಷಣ ಮೊದ್ಲು ಓಡೋ ಸಾಫ್ಟ್‌ವೇರು) ಅಪ್‌ಡೇಟ್ ಆದ್ಮೇಲೆ ಇವತ್ತು ಬೂಟೇ ಆಗ್ಲಿಲ್ಲ. ನೀಲಿ ಸ್ಕ್ರೀನು, ಕೆಳಗೆ ಸಣ್ಣಕ್ಷರದಲ್ಲಿ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಅಂತ, ಅಂದ್ರೆ ವಿಂಡೋಸ್ ಇರೋ ಡಿಸ್ಕ್ ಸಿಗ್ತಿಲ್ಲ ಅಂತ. ಅಂಗಡಿಯವ್ರು ಫೋನಲ್ಲೇ ಎಸ್‌ಎಸ್‌ಡಿ (ಫೈಲೆಲ್ಲಾ ಇರೋ ಡಿಸ್ಕು) ಹೋಗಿದೆ, ಹೊಸದು ಹಾಕ್ಸಿ ಅಂದ್ಬಿಟ್ರಂತೆ. ಪಾಪ, ಪ್ರಾಜೆಕ್ಟ್ ರಿಪೋರ್ಟ್ ಪೂರ್ತಿ ಅದರಲ್ಲೇ ಇತ್ತು, ಅವಳ ಮುಖ ನೋಡೋಕಾಗ್ತಿರ್ಲಿಲ್ಲ.

ಬಯಾಸ್ ಒಳಗೆ ಹೋಗಿ ನೋಡಿದ್ರೆ ಡಿಸ್ಕಿನ ಹೆಸರು, 512 ಜಿಬಿ, ಎಲ್ಲಾ ನೀಟಾಗಿ ಕಾಣ್ತಿದೆ. ಹೋದ್ವರ್ಷ ಲಿನಕ್ಸ್ ಹಾಕೋವಾಗ ಸ್ಟೋರೇಜ್ ಮೋಡ್, ಅಂದ್ರೆ ಲ್ಯಾಪ್‌ಟಾಪು ಡಿಸ್ಕ್ ಜೊತೆ ಮಾತಾಡೋ ರೀತಿ, ಎಎಚ್‌ಸಿಐ ಅನ್ನೋದಕ್ಕೆ ಬದಲಾಯಿಸಿದ್ದು ನೆನಪಿತ್ತು, ಅಪ್‌ಡೇಟ್ ಆದಾಗ ಅದು ಡೀಫಾಲ್ಟಿಗೆ ವಾಪಸ್ ಹೋಗಿ ರೇಡ್ ಅನ್ನೋ ಇನ್ನೊಂದು ಮೋಡಲ್ಲಿ ಕೂತಿದೆ, ವಿಂಡೋಸ್ ಹಳೇ ಮೋಡಿನ ಡ್ರೈವರ್ ಇಟ್ಕೊಂಡು ಡಿಸ್ಕ್ ಹುಡುಕ್ತಿದೆ, ಸಿಗ್ತಿಲ್ಲ. ಮನೆ ಅಲ್ಲೇ ಇದೆ, ಬಾಗಿಲಿನ ಬೀಗ ಬದಲಾಗಿದೆ ಅಷ್ಟೇ.

ಎಎಚ್‌ಸಿಐ ಮಾಡಿ ಸೇವ್ ಕೊಟ್ರೆ ಈಗ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ರಿಕವರಿ ಕೀ ಕೇಳ್ತು. 48 ಅಂಕಿ, ಆರಾರರ ಎಂಟು ಗುಂಪು. ಅವಳ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇತ್ತು ಪುಣ್ಯಕ್ಕೆ, ಅವಳು ಫೋನ್ ನೋಡಿ ಒಂದೊಂದೇ ಗುಂಪು ಓದೋದು ನಾನು ಒತ್ತೋದು, ಕೊನೇ ಗುಂಪು ಓದೋವಾಗ ಅವಳ ದನಿ ನಡುಗ್ತಿತ್ತು. ಡೆಸ್ಕ್‌ಟಾಪ್ ಬಂತು, ಫೈಲೆಲ್ಲಾ ಹಾಗೇ ಇದೆ!

ನಂಗೆ ಬೇಜಾರಾಗಿದ್ದು ಮಷೀನ್ ಮುಟ್ಟಿ ನೋಡದೆ ಹೋಗಿದೆ ಅಂದಿದ್ದಕ್ಕೆ. ಅದನ್ನ ನಂಬಿ ಎಷ್ಟು ಜನ ಮಕ್ಕಳ ಫೋಟೋ ಸಮೇತ ಒಳ್ಳೇ ಡಿಸ್ಕ್ ಬಿಸಾಕಿರ್ತಾರೋ. ಅಪ್‌ಡೇಟ್ ಮಾಡೋರಿದ್ರೆ ದಯವಿಟ್ಟು ಮೊದ್ಲು ಆ ಕೀ ಒಂದು ಹಾಳೇಲಿ ಬರ್ದಿಡಿ, ಸ್ಟೋರೇಜ್ ಸೆಟ್ಟಿಂಗಿಂದು ಮೊಬೈಲಲ್ಲಿ ಫೋಟೋ ತೆಗ್ದಿಟ್ಕೊಳ್ಳಿ.