ಎರಡು ಬಕೆಟ್ ಖಾಲಿ ತೋಟೆ

ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು ದೋಸೆ ಮುರಿಯುವುದಕ್ಕೂ ಆಗದೆ ಕೂತಿದ್ದ ಬೆಳಿಗ್ಗೆ ನಮ್ಮನೆಯವಳು ಕೇಳಿದಳು, "ಇನ್ನೂ ಎಷ್ಟಿದಾವೆ?"

ಬೇಸ್‌ಮೆಂಟಿನಲ್ಲಿ ಎರಡು ಬಕೆಟ್ ಇದ್ದವು. ಒಂದರಲ್ಲಿ ಆಗಬೇಕಾದವು, ಇನ್ನೊಂದರಲ್ಲಿ ಆದವು. ಆದವುಗಳ ಬಕೆಟ್ಟಿನಲ್ಲಿ ತಳ ಮುಚ್ಚಿದ್ದಷ್ಟೇ. "ಎರಡು ಸಾವಿರದ ನಾನೂರು ಇರಬಹುದು" ಅಂದೆ. ಅವಳು ನನ್ನ ತಟ್ಟೆ ಎಳೆದುಕೊಂಡು ದೋಸೆಯನ್ನು ಚೂರು ಮಾಡಿ ವಾಪಸ್ ತಳ್ಳಿದಳು. ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ಆ ಬಕೆಟ್ಟಿನಲ್ಲಿದ್ದದ್ದು .223 ರೈಫಲ್ಲಿನ ಖಾಲಿ ಹಿತ್ತಾಳೆ ಕೇಸುಗಳು. ನಮ್ಮ ತೀರ್ಥಹಳ್ಳಿ ಕಡೆ ಆಗಿದ್ದರೆ ಖಾಲಿ ತೋಟೆ ಅನ್ನುತ್ತಿದ್ದರು. ಅಜ್ಜನ ಹತ್ತಿರ ಬೆಳೆ ಕಾಯುವ ಲೈಸೆನ್ಸಿನ ತೋಟಾ ಕೋವಿ ಒಂದಿತ್ತು. ನನ್ನ ಬಾಲ್ಯದಲ್ಲಿ ಅದು ಹಂದಿ ಓಡಿಸಿದ್ದಕ್ಕಿಂತ ಎಲೆಕ್ಷನ್ ಬಂದಾಗಲೆಲ್ಲ ಪೊಲೀಸ್ ಠಾಣೆಗೆ ಹೋಗಿ ಜಮಾ ಆಗಿ ಬಂದದ್ದೇ ಹೆಚ್ಚು. ಕೋವಿಯ ಹುಚ್ಚು ಅಲ್ಲಿಂದ ಬಂತು ಅಂತ ಹೇಳಿದರೆ ಸುಳ್ಳಾಗುತ್ತದೆ. ನನಗೆ ಅದು ಹತ್ತಿದ್ದು ಓಹಾಯೊಗೆ ಬಂದ ಮೇಲೆ, ಆಫೀಸಿನವನೊಬ್ಬ ಭಾನುವಾರ ಸುಮ್ಮನೆ ಕರೆದುಕೊಂಡು ಹೋಗಿ ಗುಂಡು ಹೊಡೆಯುವ ರೇಂಜಿನಲ್ಲಿ ಮಲಗಿಸಿದ ಮೇಲೆ.

ಇಲ್ಲಿನ ಹೈಪವರ್ ಅನ್ನುವ ರೈಫಲ್ ಪಂದ್ಯದ ಒಂದು ಸುತ್ತಿಗೆ ಐವತ್ತು ಗುಂಡು. 200 ಗಜದಲ್ಲಿ ನಿಂತು ಹತ್ತು, ಅಲ್ಲೇ ಕೂತು 60 ಸೆಕೆಂಡಿನಲ್ಲಿ ಹತ್ತು, 300 ಗಜದಲ್ಲಿ ಬೋರಲು ಮಲಗಿ 70 ಸೆಕೆಂಡಿನಲ್ಲಿ ಹತ್ತು, ಕೊನೆಗೆ 600 ಗಜದಲ್ಲಿ ನಿಧಾನವಾಗಿ ಇಪ್ಪತ್ತು. ಪೂರ್ಣಾಂಕ 500. ಇದರ ದೊಡ್ಡ ಜಾತ್ರೆ ನಡೆಯುವುದು ಈರಿ ಸರೋವರದ ದಡದ ಕ್ಯಾಂಪ್ ಪೆರಿಯಲ್ಲಿ. ರಾಷ್ಟ್ರೀಯ ಪಂದ್ಯಗಳು ಅಲ್ಲಿಗೆ ಬಂದದ್ದು 1907ರಲ್ಲಿ. ನಾನು ಜಾತ್ರೆಗೆ ಹೋಗುವ ಭಕ್ತನೇ ಹೊರತು ತೇರು ಎಳೆಯುವವನಲ್ಲ. ಆದರೂ ಪಂದ್ಯ, ಅಭ್ಯಾಸ ಎಲ್ಲ ಸೇರಿ ವರ್ಷಕ್ಕೆ ಎರಡೂವರೆ ಸಾವಿರ ಗುಂಡು ಮುಗಿಯುತ್ತದೆ. ಅಷ್ಟನ್ನೂ ಅಂಗಡಿಯಿಂದ ತಂದರೆ ಮನೆ ನಡೆಯುವುದಿಲ್ಲ. ಹಾಗಾಗಿ ಹಾರಿದ ಕೇಸನ್ನು ಹುಲ್ಲಿನಿಂದ ಆಯ್ದು ತಂದು ತೊಳೆದು ಮತ್ತೆ ಮದ್ದುಗುಂಡು ತುಂಬುವುದು.

ತುಂಬುವ ಕೆಲಸದಲ್ಲಿ ಹೆಚ್ಚು ಬೇಜಾರಿನದ್ದು ಟ್ರಿಮ್ಮಿಂಗ್, ಅಂದರೆ ಕೇಸಿನ ಬಾಯಿಯನ್ನು ಅಳತೆಗೆ ಕೊಯ್ಯುವುದು. ಗುಂಡು ಹಾರಿದಾಗ ಕೇಸು ಉಬ್ಬುತ್ತದೆ, ಅದನ್ನು ಡೈ ಅನ್ನುವ ಉಕ್ಕಿನ ಅಚ್ಚಿಗೆ ತೂರಿಸಿ ಮೊದಲಿನ ಅಳತೆಗೆ ಅಮುಕಿದಾಗ ಹಿತ್ತಾಳೆ ಎಲ್ಲಿಗೆ ಹೋಗಬೇಕು? ಮೇಲಕ್ಕೆ, ಕತ್ತಿನ ಕಡೆಗೆ. ಹಾಗೆ ಸಲಸಲಕ್ಕೂ ಒಂಚೂರು ಉದ್ದ ಬೆಳೆಯುತ್ತದೆ. .223 ಕೇಸು 1.760 ಇಂಚು ಮೀರುವಂತಿಲ್ಲ; ಕೊಯ್ದು ನಿಲ್ಲಿಸುವುದು 1.750ಕ್ಕೆ. ನಡುವೆ ಇರುವುದು ಹತ್ತು ಥೌ (ಇಂಚಿನ ಸಾವಿರದಲ್ಲೊಂದು ಭಾಗಕ್ಕೆ ಒಂದು ಥೌ), ಅಂದರೆ ಕಾಲು ಮಿಲಿಮೀಟರ್. ಅದನ್ನು ಮೀರಿದ ಕೇಸಿನ ಬಾಯಿ ಚೇಂಬರಿನ, ಅಂದರೆ ಕೋವಿಯೊಳಗೆ ಕೇಸು ಕೂರುವ ಗೂಡಿನ, ಕೊನೆಗೆ ಹೋಗಿ ಕಚ್ಚಿಕೊಂಡರೆ, ಗುಂಡನ್ನು ಬಿಟ್ಟುಕೊಡಬೇಕಾದ ಕತ್ತು ಗುಂಡನ್ನೇ ಅವುಚಿ ಹಿಡಿಯುತ್ತದೆ, ಒತ್ತಡ ಏರುತ್ತದೆ. ಅದು ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿ ನಡೆಯುವ ಸಂಗತಿ, ಹಾಗಾಗಿ ಇದರಲ್ಲಿ ಸೋಮಾರಿತನ ನಡೆಯುವುದಿಲ್ಲ.

ಉದ್ದವಾದವನ್ನು ಮಾತ್ರ ಆರಿಸಿ ಕೊಯ್ದರೆ ಸಾಲದೇ ಅಂತ ನಾನೂ ಯೋಚಿಸಿದ್ದೆ. ಕ್ಯಾಲಿಪರ್ ಹಿಡಿದು ಒಂದೊಂದನ್ನೂ ಅಳೆಯುವ ಹೊತ್ತಿಗೆ ಕೊಯ್ದೇ ಬಿಡಬಹುದು.

ಶುರುವಿನಲ್ಲಿ ನನ್ನ ಹತ್ತಿರ ಇದ್ದದ್ದು ಲೀ ಕಂಪನಿಯ ಕೈ ಕಟರ್. ಅದರ ತುದಿಯ ಕಡ್ಡಿ ಕೇಸಿನೊಳಗೆ ಇಳಿದು, ಪ್ರೈಮರಿನ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಕಿಂಡಿ ದಾಟಿ, ಕೇಸನ್ನು ಹಿಡಿದ ಹೋಲ್ಡರಿನ ತಳಕ್ಕೆ ತಾಗಿದ ಕೂಡಲೇ ಕೊಯ್ಯುವುದು ನಿಲ್ಲುತ್ತದೆ. ಅಳತೆ ಹೊಂದಿಸುವ ತಲೆನೋವಿಲ್ಲ, ತಪ್ಪುವುದಕ್ಕೆ ಜಾಗವಿಲ್ಲ, ಬೆಲೆಯಂತೂ ಹೋಟೆಲ್ಲಿನ ಒಂದು ಊಟದ್ದು. ನೂರು ಕೇಸಿನವರಿಗೆ ಅದಕ್ಕಿಂತ ಒಳ್ಳೆಯದು ಬೇಡ ಅಂತ ಇವತ್ತಿಗೂ ಹೇಳುತ್ತೇನೆ. ಆಮೇಲೆ ಕೈಯಲ್ಲಿ ತಿರುಗಿಸುವ ಹಿಡಿಯ ಟ್ರಿಮ್ಮರ್ ಬಂತು. ಕೇಸಿನ ಬುಡವನ್ನು ಕಚ್ಚಿಸು, ತಿರುಗಿಸು, ಬಿಡಿಸು. ಆಮೇಲೆ ಬಾಯಿಯ ಒಳಅಂಚು ಕೆರೆ, ಹೊರಅಂಚಿನ ಮುಳ್ಳು ತೆಗೆ. ಹೆಬ್ಬೆರಳು ಊದಿದ್ದು ಇದರಿಂದ.

ಆ ಚಳಿಗಾಲ ಇನ್ನೊಂದು ಎಡವಟ್ಟನ್ನೂ ಮಾಡಿಕೊಂಡಿದ್ದೆ. ನಾನೂರು ಕೇಸನ್ನು ಮೂರು ರಾತ್ರಿ ಕೂತು ಕೊಯ್ದು, ಸಾಲಾಗಿ ನಿಲ್ಲಿಸಿ, ಫೋಟೊ ಕೂಡ ತೆಗೆದೆ. ನಾಲ್ಕನೇ ರಾತ್ರಿ ಡೈಗೆ ಹಾಕಿ ಅಳೆದರೆ ಅರ್ಧಕ್ಕರ್ಧ ಮತ್ತೆ ಉದ್ದ. ಅಮುಕಿದ ಮೇಲೆ ಕೊಯ್ಯಬೇಕು, ಕೊಯ್ದ ಮೇಲೆ ಅಮುಕಬಾರದು ಅನ್ನುವ ಮೊದಲನೇ ಪಾಠವನ್ನೇ ತಿರುವುಮುರುವು ಮಾಡಿದ್ದೆ. ಅವತ್ತು ಯಾರಿಗೂ ಹೇಳಲಿಲ್ಲ.

ಕ್ಲಬ್ಬಿನ ಹಿರಿಯರೊಬ್ಬರಿಗೆ ಮಾತ್ರ ಗೊತ್ತಾಯಿತು, ಕೈ ನೋಡಿಯೇ. ಮಷಿನಿಸ್ಟ್ ಆಗಿದ್ದು ನಿವೃತ್ತರಾದವರು, ಎಪ್ಪತ್ತು ದಾಟಿದೆ, ನಲವತ್ತಾರರ ನನ್ನನ್ನು ಹುಡುಗ ಅಂತಲೇ ಕರೆಯುತ್ತಾರೆ. "ಶನಿವಾರ ಬಕೆಟ್ ತಗೊಂಡು ಗರಾಜಿಗೆ ಬಾ. ಕೊಳ್ಳುವ ಮೊದಲು ಕೈ ಆಡಿಸಿ ನೋಡು" ಅಂದರು. ಫೆಬ್ರವರಿ, ಹೊರಗೆ ಮೊಣಕಾಲುದ್ದ ಹಿಮ. ಮಗಳೂ ಬಂದಳು, ಅವರ ಮನೆಯ ನಾಯಿ ಅವಳ ಆಕರ್ಷಣೆ. ಫೋನಿನಲ್ಲಿ ಸಮಯ ಹಿಡಿಯುವ ಕೆಲಸ ಅವಳ ತಲೆಗೆ ಕಟ್ಟಿದೆ.

ಮೊದಲು ನನ್ನದೇ ಹಿಡಿಯ ಟ್ರಿಮ್ಮರಿನಲ್ಲಿ ಐವತ್ತು ಕೇಸು: 33 ನಿಮಿಷ, ಅಂಚು ಕೆರೆದದ್ದೂ ಸೇರಿ. ಮಗಳು ಎರಡು ಸಲ ಆಕಳಿಸಿದಳು.

ಎರಡನೆಯದು ಡ್ರಿಲ್ಲಿಗೆ ಸಿಕ್ಕಿಸುವ ಮೋಟುದ್ದದ ಟ್ರಿಮ್ಮರ್. ಇದು ಬುಡವನ್ನು ಕೇಳುವುದೇ ಇಲ್ಲ. ಕೇಸನ್ನು ತಲೆಕೆಳಗಾಗಿ ತೂರಿದರೆ ಭುಜ, ಅಂದರೆ ಕತ್ತಿನ ಬುಡದ ಇಳಿಜಾರು, ಹೋಗಿ ಒಳಗಿನ ತಡೆಗೆ ಕೂರುತ್ತದೆ, ಕತ್ತು ಬ್ಲೇಡಿಗೆ ಸಿಗುತ್ತದೆ. ಕಚ್ಚಿಸುವುದು, ಬಿಡಿಸುವುದು ಇಲ್ಲ. ಕಿರ್ ಅಂದರೆ ಮುಗಿಯಿತು. ಕೊಯ್ಯುವುದಕ್ಕೆ ನಾಲ್ಕೈದು ಸೆಕೆಂಡ್. ಆದರೆ ಒಳಅಂಚು, ಹೊರಅಂಚು ಎರಡಕ್ಕೂ ಬೇರೆ ಮೋಟಾರಿಗೆ ಹಿಡಿಯಬೇಕು. ಎಲ್ಲ ಸೇರಿ ಐವತ್ತಕ್ಕೆ 12 ನಿಮಿಷ.

ಮೂರನೆಯದು ಅವರ ಬೆಂಚಿನ ಮೇಲೆ ಬೋಲ್ಟು ಹಾಕಿ ಕೂರಿಸಿದ್ದ ಜಿರಾಡ್ ಕಂಪನಿಯ ಯಂತ್ರ. ಇದೂ ಭುಜವನ್ನೇ ಹಿಡಿಯುವ ಜಾತಿ. ವ್ಯತ್ಯಾಸ ಇರುವುದು ಬ್ಲೇಡಿನಲ್ಲಿ: ಕಾರ್ಬೈಡಿನ ಒಂದೇ ತುಂಡಿಗೆ ಮೂರು ಅಂಚು. ಒಂದು ಕೊಯ್ಯುತ್ತದೆ, ಒಂದು ಒಳಗೆ ಕೆರೆಯುತ್ತದೆ, ಒಂದು ಹೊರಗಿನ ಮುಳ್ಳು ತೆಗೆಯುತ್ತದೆ, ಎಲ್ಲ ಒಂದೇ ಸಲಕ್ಕೆ. ಸದ್ದು ಬದಲಾದಾಗ ಕೇಸನ್ನು ಬೆರಳಲ್ಲೇ ಅರ್ಧ ಸುತ್ತು ತಿರುಗಿಸಿ ಹೊರಗೆ ತೆಗೆಯುವುದು. ಐವತ್ತು ಕೇಸು, ಐದು ನಿಮಿಷ. ಮಗಳು ಫೋನನ್ನು ಎರಡು ಸಲ ನೋಡಿದಳು.

ಡಿಲನ್ ಕಂಪನಿಯದು ಇನ್ನೊಂದಿದೆ, ಕೇಸನ್ನು ಡೈಗೆ ಅಮುಕುವ ಪ್ರೆಸ್ಸಿನ ಮೇಲೇ ಮೋಟಾರ್ ಕೂತು, ಅಮುಕುವುದೂ ಕೊಯ್ಯುವುದೂ ಹಿಡಿ ಎಳೆದಂತೆಲ್ಲ ಆಗುತ್ತ ಹೋಗುತ್ತದೆ. ಹತ್ತು ಸಾವಿರದ ಲೆಕ್ಕದವರಿಗೆ ಅದೇ ಸರಿ. ನನ್ನದು ಒಂದೇ ಕೇಸಿನ ಸಾದಾ ಪ್ರೆಸ್ಸು, ಆ ದಾರಿಗೆ ನಾನು ಹೋಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಗುಣಿಸಿದೆ. ಎರಡು ಸಾವಿರದ ನಾನೂರಕ್ಕೆ ಮೊದಲನೆಯದರಲ್ಲಿ ಇಪ್ಪತ್ತಾರು ಗಂಟೆಗಿಂತ ಜಾಸ್ತಿ, ಎರಡನೆಯದರಲ್ಲಿ ಒಂಬತ್ತೂವರೆ, ಮೂರನೆಯದರಲ್ಲಿ ನಾಲ್ಕು. ಆಗ ನೆನಪಾದದ್ದು ನಮ್ಮನೆ ಅಟ್ಟದ ಕೆಳಗೆ ಅಡಿಕೆ ಸುಲಿಯಲು ಕೂರುತ್ತಿದ್ದವರು. ಡಬ್ಬದ ಲೆಕ್ಕದ ಕೂಲಿ. ಕತ್ತಿ ಎಲ್ಲರದ್ದೂ ಒಂದೇ ಥರದ್ದು, ಆದರೆ ಒಬ್ಬಳಿಗೆ ಎರಡು ಡಬ್ಬ ಆಗುವ ಹೊತ್ತಿಗೆ ಪಕ್ಕದವಳಿಗೆ ಮೂರಾಗುತ್ತಿತ್ತು. ಅವಳ ಕತ್ತಿ ಚುರುಕೆಂದು ನಾವು ಹುಡುಗರು ಅಂದುಕೊಂಡಿದ್ದೆವು. ಅವಳು ಕಾಯಿ ಎತ್ತಿಕೊಂಡ ಕೈಯನ್ನು ಸಿಪ್ಪೆ ಬೀಳುವವರೆಗೂ ಬದಲಿಸುತ್ತಿರಲಿಲ್ಲ, ಅಷ್ಟೇ. ನಾನು ಇಷ್ಟು ದಿನ ಯಾವ ಟ್ರಿಮ್ಮರ್ ಬೇಗ ಕೊಯ್ಯುತ್ತದೆ ಅಂತ ನೋಡುತ್ತಿದ್ದೆ. ನೋಡಬೇಕಾಗಿದ್ದದ್ದು ಒಂದು ಕೇಸನ್ನು ಎಷ್ಟು ಸಲ ಕೈಗೆ ಎತ್ತಿಕೊಳ್ಳಬೇಕು ಅನ್ನುವುದನ್ನು. ನನ್ನದರಲ್ಲಿ ಮೂರು ಸಲ, ಅವರದರಲ್ಲಿ ಒಂದೇ ಸಲ.

ಬೆಂಚಿನ ಮೇಲೆ ಕೂರುವ ಯಂತ್ರದ ಬೆಲೆ ನನ್ನ ಕೈಗೆ ಹೆಚ್ಚಾಯಿತು. ಅದೇ ಥರದ ಮೂರಂಚಿನ ಬ್ಲೇಡಿದ್ದು ಡ್ರಿಲ್ಲಿನಿಂದ ತಿರುಗುವಂಥದ್ದನ್ನು ತರಿಸಿದೆ. ಒಂದೇ ಅಳತೆಯ ಕೇಸಿಗೆ ಮಾತ್ರ ಆಗುತ್ತದೆ. ನಾನು ಹೊಡೆಯುವುದೂ ಒಂದೇ ಅಳತೆಯದ್ದು. ತಂತಿಯ ಡ್ರಿಲ್ಲನ್ನು ವೈಸಿಗೆ ಕಚ್ಚಿಸಿ ಕೂರಿಸಿದೆ. ಬ್ಯಾಟರಿಯದ್ದು ಮುನ್ನೂರು ಕೇಸಿಗೇ ಬಿಸಿಯಾಗಿ ವಾಸನೆ ಬಂದಿತ್ತು.

ಬ್ಲೇಡನ್ನು ಹೊಂದಿಸುವುದೇ ಒಂದು ಸಂಜೆಯ ಕೆಲಸ. ಕೂದಲೆಳೆಯಷ್ಟು ಆಚೆ ಸರಿದರೆ ಒಳಗೆ ಜಾಸ್ತಿ ಕೆರೆದು ಹೊರಗೆ ಮುಳ್ಳು ಹಾಗೇ ಉಳಿಯುತ್ತದೆ, ಈಚೆ ಸರಿದರೆ ತದ್ವಿರುದ್ಧ. ಹಾಳಾದ ಹತ್ತು ಕೇಸನ್ನು ಇದಕ್ಕೇ ಎತ್ತಿಟ್ಟುಕೊಂಡು, ಉಗುರನ್ನು ಬಾಯಿಯ ಒಳಗೂ ಹೊರಗೂ ಎಳೆದು ನೋಡಿದೆ. ಎಲ್ಲೂ ತಡೆಯಲಿಲ್ಲ ಅಂದಾಗ ಸ್ಕ್ರೂ ಬಿಗಿ ಮಾಡಿದೆ.

ಮೊದಲ ರಾತ್ರಿ ಆರುನೂರು ಕೇಸು ಹಾರಿಹೋದವು. ಹಿಗ್ಗಿನಲ್ಲಿ ಅಳೆಯುವುದನ್ನೇ ಮರೆತಿದ್ದೆ. ಕೊನೆಯವನ್ನು ಕ್ಯಾಲಿಪರಿಗೆ ಹಿಡಿದರೆ 1.750, ಆಮೇಲಿನದು 1.754, ಇನ್ನೊಂದು 1.757. ಬ್ಲೇಡು ಸಡಿಲವಾಯಿತೆಂದು ಎಲ್ಲ ಬಿಚ್ಚಿದೆ. ಬ್ಲೇಡು ಗಟ್ಟಿಯಾಗೇ ಇತ್ತು. ಒಳಗೆ, ಭುಜ ಬಂದು ಕೂರುವ ಉಂಗುರದ ಸುತ್ತ, ಹಿತ್ತಾಳೆ ಚೂರು ಅಂಟಿನುಂಡೆಯ ಹಾಗೆ ಮೆತ್ತಿಕೊಂಡಿತ್ತು. ಅಮುಕುವಾಗ ಕೇಸಿಗೆ ಸವರಿದ ಲ್ಯಾನೋಲಿನ್ ಜಿಡ್ಡನ್ನು ತೊಳೆಯದೆ ಹಾಗೇ ತೂರಿದ್ದೆ. ಜಿಡ್ಡಿಗೆ ಚೂರು ಹಿಡಿದು, ಭುಜ ಪೂರ್ತಿ ಕೂರದೆ, ಕೇಸು ಉದ್ದ ಉಳಿಯುತ್ತ ಹೋಗಿತ್ತು. ಯಂತ್ರದ ತಪ್ಪು ಅಲ್ಲ. ಆರುನೂರನ್ನೂ ತೊಳೆದು ಒಣಗಿಸಿ ಇನ್ನೊಂದು ಸಲ ತೂರಿದೆ.

ಈಗ ಐವತ್ತಕ್ಕೊಮ್ಮೆ ಡ್ರಿಲ್ ನಿಲ್ಲಿಸಿ, ಹಳೇ ಟೂತ್‌ಬ್ರಷ್ಷಿನಲ್ಲಿ ಒಳಗೆ ಉಜ್ಜಿ, ಒಂದು ಕೇಸು ಅಳೆಯುತ್ತೇನೆ. ಎರಡು ಥೌ ಆಚೀಚೆ ಬರುತ್ತದೆ. ಭುಜದಿಂದ ಅಳೆಯುವ ಜಾತಿಯಲ್ಲಿ ಡೈ ಎಷ್ಟು ಒಂದೇ ಸಮ ಅಮುಕಿದೆಯೋ ಉದ್ದವೂ ಅಷ್ಟೇ ಸಮ. ಬುಡದಿಂದ ಅಳೆಯುವ ವಿಲ್ಸನ್ ಟ್ರಿಮ್ಮರ್ ಇಟ್ಟುಕೊಂಡವರು ಇದಕ್ಕೆ ಮೂಗು ಮುರಿಯುತ್ತಾರೆ. 600 ಗಜದಲ್ಲಿ ನನ್ನ ಗುಂಡು ಗುರಿಹಲಗೆಯ ಎಂಟರ ಉಂಗುರಕ್ಕೆ ಹೋಗುವುದು ಎರಡು ಥೌನಿಂದಲ್ಲ ಅನ್ನುವುದು ನನಗೂ ಗೊತ್ತು, ಅವರಿಗೂ ಗೊತ್ತು.

ಮೊನ್ನೆ ಅಮ್ಮ ಫೋನ್ ಮಾಡಿದಾಗ ಡ್ರಿಲ್ ಓಡುತ್ತಿತ್ತು. "ಅದೆಂಥದೋ ಸದ್ದು, ಮಿಕ್ಸಿಯಾ?" ಅಂದಳು. ಹೌದು ಅಂದುಬಿಟ್ಟೆ. ನಮ್ಮನೆಯವಳು ಹಿಂದಿನಿಂದ ಕಾಲುಚೀಲ ಝಾಡಿಸಿ, ಅಂಗೈಯಲ್ಲಿ ಹಿತ್ತಾಳೆ ಚೂರು ಹಿಡಿದು ನನ್ನ ಮುಖದ ಹತ್ತಿರ ತಂದಳು. ಮಹಡಿಯ ಮೇಲಿನ ಕಾರ್ಪೆಟ್ಟಿನಲ್ಲೂ ಸಿಕ್ಕಿವೆಯಂತೆ.

ಬಕೆಟ್ ಖಾಲಿಯಾದದ್ದು ಮಾರ್ಚ್ ಎರಡನೇ ವಾರ. ಅದರಲ್ಲಿ ಅರ್ಧ ಲೇಕ್ ಸಿಟಿ ಕಾರ್ಖಾನೆಯ ಸೈನ್ಯದ ಕೇಸು, ಒಂದು ಸಲ ಹಾರಿದವು, ಅಗ್ಗಕ್ಕೆ ಸಿಕ್ಕವು. ಪ್ರೈಮರ್ ಕೂರಿಸಲು ಹೋದರೆ ಒಳಗೆ ಇಳಿಯುತ್ತಿಲ್ಲ. ಸೈನ್ಯದವರು ಪ್ರೈಮರಿನ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿದಿರುತ್ತಾರೆ, ಆ ಅಂಚನ್ನು ಮೊದಲು ತೆಗೆಯಬೇಕು. ಸಾವಿರದ ಇನ್ನೂರು ಕೇಸು, ಒಂದೊಂದನ್ನೂ ಮತ್ತೆ ಕೈಗೆ ಎತ್ತಿಕೊಂಡು.