ನ್ಯೂಮಾರ್ಕೆಟ್‌ನಲ್ಲಿ ನಿಲ್ಲಲು ಕಲಿಯುತ್ತಿದ್ದ ಕುದುರೆ

ಇಂಗ್ಲೆಂಡಿನ ಸಫಕ್ ಪ್ರಾಂತದಲ್ಲಿರುವ ನ್ಯೂಮಾರ್ಕೆಟ್ ಎಂಬ ಚಿಕ್ಕ ಪಟ್ಟಣದಲ್ಲಿ ಸುಮಾರು 3,000 ರೇಸ್ ಕುದುರೆಗಳು ತಾಲೀಮಿನಲ್ಲಿರುತ್ತವೆ. ಕೇಂಬ್ರಿಡ್ಜ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದಾದ ಈ ಊರಿಗೆ ಹೆಚ್ಚಿನವರು ಪಂದ್ಯ ನೋಡಲು ಹೋಗುತ್ತಾರೆ. ನಾವೂ ಅದಕ್ಕಾಗಿಯೇ ಹೋದೆವು. ಆದರೆ ಇದನ್ನು ಬರೆಯಲೇಬೇಕೆನ್ನಿಸಿದ್ದು, ಓಟದಿಂದ ನಿವೃತ್ತವಾದ ಕುದುರೆಯೊಂದಕ್ಕೆ ಸುಮ್ಮನೆ ನಿಂತಿರುವುದನ್ನು ಕಲಿಸುತ್ತಿದ್ದುದನ್ನು ಕಂಡ ಮೇಲೆ.

ಬೆಳಗಿನ ತಾಲೀಮಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ನಸುಕಿಗೇ ಹೊರಡಬೇಕೆಂದು ಕೇಂಬ್ರಿಡ್ಜ್‌ನಲ್ಲಿ ಹಿಂದಿನ ರಾತ್ರಿಯೇ ಗೊತ್ತುಮಾಡಿದ್ದ ಬಾಡಿಗೆ ಕಾರು ಒಂದೂವರೆ ಗಂಟೆ ತಡವಾಗಿ ಬಂತು. ಚಾಲಕನಾಗಲಿ ಅವನನ್ನು ಕಳುಹಿಸಿದವರಾಗಲಿ ಒಂದು ಕ್ಷಮೆಯ ಮಾತನ್ನೂ ಆಡಲಿಲ್ಲ. ನಾವು ತಲುಪುವಷ್ಟರಲ್ಲಿ ಮೊದಲ ತಂಡದ ಕುದುರೆಗಳು ಬೆವರಿಳಿಸಿಕೊಂಡು ಲಾಯಕ್ಕೆ ಮರಳುತ್ತಿದ್ದವು. ಆದ್ದರಿಂದ ಹೋಗುವವರು ದಯವಿಟ್ಟು ನ್ಯೂಮಾರ್ಕೆಟ್‌ನಲ್ಲಿಯೇ ತಂಗಿರಿ. ಗಡಿಯಾರ ಗೋಪುರದಿಂದ ಕಾಲ್ನಡಿಗೆಯಲ್ಲಿ ಮೋಲ್ಟನ್ ರಸ್ತೆಗೆ ಬಂದರೆ ವಾರನ್ ಹಿಲ್ ದಿಬ್ಬ ಎದುರಿಗೇ ಸಿಗುತ್ತದೆ. ಮಧ್ಯಾಹ್ನ 1 ಗಂಟೆಯವರೆಗೆ ಆ ಬಯಲು ಕುದುರೆಗಳದ್ದು, ಸಾರ್ವಜನಿಕರು ಅದರೊಳಗೆ ಕಾಲಿಡುವಂತಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು ನೋಡಬಹುದು, ಆದರೆ ಕುದುರೆಗಳು ಹತ್ತಿರ ಬಂದಾಗ ಕೊಡೆ ಬಿಚ್ಚಬಾರದು.

ಎರಡನೆಯ ತಂಡ ದಿಬ್ಬವೇರಿದ್ದನ್ನು ಮಾತ್ರ ಕಣ್ತುಂಬ ನೋಡಿದೆ. ನಾಗಾಲೋಟದಲ್ಲಿರುವ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಗೊರಸಿನ ಸದ್ದೂ ಉಸಿರಿನ ಸದ್ದೂ ಒಂದೇ ತಾಳದಲ್ಲಿ ಬರುವುದನ್ನು ಅಷ್ಟು ಹತ್ತಿರದಿಂದ ಕೇಳಿದಾಗ ಮೈ ಜುಮ್ಮೆಂದಿತು. ಸುಮಾರು 500 ಕಿಲೋ ತೂಗುವ ಈ ಪ್ರಾಣಿಗೆ ಮೊಣಕಾಲಿನ ಕೆಳಗೆ ಮಾಂಸಖಂಡವೆಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಇರುವುದೆಲ್ಲ ಮೂಳೆ ಮತ್ತು ಸ್ನಾಯುರಜ್ಜು. ಲಾಯದ ಕೆಲಸಗಾರರು ಪ್ರತಿದಿನ ಬೆಳಿಗ್ಗೆ ಮೊದಲು ಕಾಲುಗಳ ಮೇಲೆ ಅಂಗೈಯಾಡಿಸಿ ಎಲ್ಲಾದರೂ ಬಿಸಿಯಿದೆಯೇ, ಬಾವು ಬಂದಿದೆಯೇ ಎಂದು ನೋಡುವುದು ಇದೇ ಕಾರಣಕ್ಕೆ.

ಮಧ್ಯಾಹ್ನ ಪ್ಯಾಲೆಸ್ ಹೌಸ್‌ಗೆ ಹೋದೆವು. ಎರಡನೆಯ ಚಾರ್ಲ್ಸ್ ದೊರೆಯ ಅರಮನೆಯಲ್ಲಿ ಉಳಿದಿರುವ ಭಾಗವಿದು. 2016ರಿಂದ ರಾಷ್ಟ್ರೀಯ ಕುದುರೆ ಪಂದ್ಯ ವಸ್ತುಸಂಗ್ರಹಾಲಯ ಇಲ್ಲಿಯೇ ಇದೆ. ಒಳಗಿನ ಬೆಳ್ಳಿ ಬಟ್ಟಲುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅದೇ ಆವರಣದ ಲಾಯದಂಗಳದಲ್ಲಿ, ಓಟ ಮುಗಿಸಿದ ಕುದುರೆಗಳಿಗೆ ಬೇರೆ ಬದುಕನ್ನು ಕಲಿಸುವ ಕೆಲಸ ನಡೆಯುತ್ತದೆ. ಬ್ರಿಟನ್ನಿನ ಪಂದ್ಯಲೋಕ ಇದಕ್ಕೆಂದೇ 2000ನೇ ಇಸವಿಯಲ್ಲಿ 'ರಿಟ್ರೇನಿಂಗ್ ಆಫ್ ರೇಸ್‌ಹಾರ್ಸಸ್' ಎಂಬ ಧರ್ಮಾರ್ಥ ಸಂಸ್ಥೆಯನ್ನು ಕಟ್ಟಿತು.

ಅಂಗಳದಲ್ಲಿ ನಡುವಯಸ್ಸಿನ ಮಹಿಳೆಯೊಬ್ಬರು ಮೂರು ಮೆಟ್ಟಿಲಿನ ಮರದ ಪೀಠದ ಪಕ್ಕಕ್ಕೆ ಒಂದು ಕಂದು ಕುದುರೆಯನ್ನು ತಂದು ನಿಲ್ಲಿಸುತ್ತಿದ್ದರು. ಅವರು ಎರಡನೆಯ ಮೆಟ್ಟಿಲಿಗೆ ಕಾಲಿಟ್ಟ ಕೂಡಲೇ ಕುದುರೆ ಮುಂದಕ್ಕೆ ಹೊರಟುಬಿಡುತ್ತಿತ್ತು. ಅವರು ಗದರಲಿಲ್ಲ, ಒಂದು ಸುತ್ತು ನಡೆಸಿಕೊಂಡು ಬಂದು ಮತ್ತೆ ಅಲ್ಲಿಯೇ ನಿಲ್ಲಿಸಿದರು. ಹೀಗೆಯೇ ಬಹಳ ಹೊತ್ತು ನಡೆಯಿತು.

"ಇವನು ಹಟಮಾರಿಯೇ?" ಎಂದು ಬೇಲಿಯಾಚೆಯಿಂದ ಕೇಳಿದೆ.

"ಪಾಪ, ಅವನಿಗೆ ಗೊತ್ತಿಲ್ಲ ಅಷ್ಟೆ," ಎಂದರು. "ಪಂದ್ಯದ ಲಾಯದಲ್ಲಿ ಒಬ್ಬರು ಕಾಲು ಹಿಡಿದು ಎತ್ತಿಕೊಡುತ್ತಾರೆ, ಸವಾರ ಹಾರಿ ಕೂರುತ್ತಾನೆ. ಕುದುರೆ ನಡೆಯುತ್ತಲೇ ಇರುತ್ತದೆ. ನಿಂತು ಕಾಯಬೇಕೆಂದು ಇವನಿಗೆ ಈವರೆಗೆ ಯಾರೂ ಹೇಳಿಕೊಟ್ಟಿಲ್ಲ."

"ಹಾಗಾದರೆ ಕಲಿಸುವುದರಲ್ಲಿ ಎಲ್ಲಕ್ಕಿಂತ ಕಷ್ಟದ್ದು ಇದೇ ಇರಬೇಕು."

"ಅದಕ್ಕಿಂತ ಲಗಾಮಿನದು ಕಷ್ಟ. ನಾವು ಲಗಾಮು ಬಿಗಿದರೆ ಇವನು ಕಡಿವಾಣದ ಮೇಲೆ ಭಾರ ಹಾಕಿ ಇನ್ನೂ ಜೋರಾಗಿ ಓಡುತ್ತಾನೆ. ಜಾಕಿಯ ಕೈ ಬಿಗಿಯಾಯಿತೆಂದರೆ ಓಟದ ಹೊತ್ತು ಬಂತೆಂದೇ ಇವನ ತಿಳಿವಳಿಕೆ. ಹೊಸ ಸವಾರರು ಹೆದರಿ ಇನ್ನಷ್ಟು ಎಳೆಯುತ್ತಾರೆ, ಇವನು ಇನ್ನಷ್ಟು ಓಡುತ್ತಾನೆ. ಕೊನೆಗೆ ಕೆಟ್ಟ ಹೆಸರು ಬರುವುದು ಕುದುರೆಗೆ."

ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುತ್ತಿರುವ ಪ್ರಾಣಿಯನ್ನು ನಾವು ಮೊಂಡ ಎಂದು ಕರೆಯುತ್ತೇವಲ್ಲ ಎಂಬ ಸಂಕಟ ನನ್ನನ್ನು ಆ ಬೇಲಿಯ ಬಳಿಯೇ ಹಿಡಿದು ನಿಲ್ಲಿಸಿತು. ಜೊತೆಗಿದ್ದವರು ಮುಂದೆ ಹೋದರು. ನಾನು ಆಹಾರದ ಬಗ್ಗೆ ಕೇಳಿದೆ. ಕುದುರೆಯ ಹೊಟ್ಟೆಯಲ್ಲಿ ತಿಂದರೂ ತಿನ್ನದಿದ್ದರೂ ದಿನವಿಡೀ ಆಮ್ಲ ಉತ್ಪತ್ತಿಯಾಗುತ್ತಲೇ ಇರುತ್ತದೆ, ಅದು ದಿನದ ಬಹುಪಾಲು ಮೇಯುತ್ತಲೇ ಇರಬೇಕಾದ ಪ್ರಾಣಿ. ಓಟದ ಶಕ್ತಿಗಾಗಿ ಧಾನ್ಯ ಹೆಚ್ಚಿಸಿ ಹುಲ್ಲು ಕಡಿಮೆ ಮಾಡಿದಾಗ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ಬಂದ ಕೂಡಲೇ ಮೇವನ್ನು ಒಮ್ಮೆಲೇ ಬದಲಿಸಿದರೂ ಅಪಾಯ. ಕರುಳಿನ ಸೂಕ್ಷ್ಮಜೀವಿಗಳು ಹೊಂದಿಕೊಳ್ಳಲು ಸಮಯ ಬೇಕು, ಹೊಟ್ಟೆನೋವು ಬಂದರೆ ವಾಂತಿ ಮಾಡಿ ಹಗುರಾಗಲು ಕುದುರೆಗೆ ಸಾಧ್ಯವಿಲ್ಲ. ಪಕ್ಕದ ಲಾಯದಲ್ಲಿ ಇನ್ನೊಂದು ಕುದುರೆ ಅರೆಬಾಗಿಲಿನ ಮೇಲೆ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಗಂಟೆಗಟ್ಟಲೆ ಒಂಟಿಯಾಗಿ ಕಟ್ಟಿಹಾಕಿದ ಕುದುರೆಗಳಲ್ಲಿ ಕಾಣುವ ಲಕ್ಷಣವಿದು ಎಂದರು ಆಕೆ. ಜೊತೆಗಾರನೊಂದಿಗೆ ಬಯಲಿಗೆ ಬಿಟ್ಟ ಮೇಲೆ ಎಷ್ಟೋ ಕಡಿಮೆಯಾಗುತ್ತದಂತೆ.

ಕೊನೆಗೊಮ್ಮೆ ಕಂದು ಕುದುರೆ ಪೀಠದ ಪಕ್ಕದಲ್ಲಿ ಕದಲದೆ ನಿಂತಿತು. ಆಕೆ ಮೇಲಿನ ಮೆಟ್ಟಿಲಿನಲ್ಲಿ ನಿಂತು, ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವ ಹೆಗಲಿನ ಉಬ್ಬನ್ನು ಬೆರಳುಗಳಿಂದ ಮೆಲ್ಲಗೆ ಕೆರೆದರು. ಹತ್ತಲಿಲ್ಲ. "ಇವತ್ತಿಗೆ ಇಷ್ಟು ಸಾಕು" ಎಂದು ಕೆಳಗಿಳಿದು ಅದನ್ನು ಒಳಗೆ ಕರೆದೊಯ್ದರು.

ಇದೆಲ್ಲ ಆದ ಮೇಲೆ ಊರಿನ ಪಂದ್ಯದ ಮೈದಾನವಾದ ಜುಲೈ ಕೋರ್ಸ್‌ನಲ್ಲಿ ಕಂಡ ಪಂದ್ಯಗಳು ನನಗೆ ಬೇರೆಯಾಗಿಯೇ ಕಂಡವು. ಟೋಪಿ, ಕೋಟುಗಳ ವೈಭವವನ್ನು ಮೆಚ್ಚುವವರು ಮೆಚ್ಚಲಿ; ನನ್ನ ಕಣ್ಣು ಜಾಕಿಗಳ ಕೈಗಳ ಮೇಲಿತ್ತು. ಎರಡು ವರ್ಷದ ಕುದುರೆಗಳ ಓಟ ನೋಡಲು ನನಗೆ ಕಷ್ಟವಾಯಿತು. ಉತ್ತರ ಗೋಳಾರ್ಧದಲ್ಲಿ ಥರೋಬ್ರೆಡ್ ತಳಿಯ ಪ್ರತಿ ಕುದುರೆಗೂ ಜನವರಿ 1ರಂದೇ ವಯಸ್ಸು ಏರುವುದರಿಂದ, ಏಪ್ರಿಲ್ ತಿಂಗಳಲ್ಲಿ ಹುಟ್ಟಿದ ಮರಿಯೂ ಆ ಲೆಕ್ಕದಲ್ಲಿ ಮೊದಲೇ ದೊಡ್ಡದಾಗಿಬಿಡುತ್ತದೆ. ಎಳೆಯ ಪ್ರಾಯದ ಮಿತವಾದ ವ್ಯಾಯಾಮ ಮೂಳೆಗೆ ಬಲ ಕೊಡುತ್ತದೆಂಬ ಮಾತನ್ನು ಒಪ್ಪುತ್ತೇನೆ, ಆದರೆ ಪೈಪೋಟಿಯ ಓಟ ಮಿತವಾದ ವ್ಯಾಯಾಮವಲ್ಲ.

ಚಾಟಿಯ ವಿಷಯದಲ್ಲಿ ಬ್ರಿಟನ್ 2023ರಲ್ಲಿ ನಿಯಮ ಬಿಗಿಗೊಳಿಸಿದೆ: ಬಯಲೋಟದಲ್ಲಿ ಗರಿಷ್ಠ 6 ಏಟು, ಬೇಲಿ ಹಾರುವ ಓಟದಲ್ಲಿ 7; ಮಿತಿಯನ್ನು ನಾಲ್ಕು ಅಥವಾ ಹೆಚ್ಚು ಏಟುಗಳಿಂದ ಮೀರಿದರೆ ಕುದುರೆಯೇ ಅನರ್ಹವಾಗುತ್ತದೆ. ಇದು ಒಳ್ಳೆಯ ಹೆಜ್ಜೆ, ಆದರೂ ನನಗೆ ಸಾಲದು. ಗೆರೆಯ ಹತ್ತಿರ ಬರುವ ಹೊತ್ತಿಗೆ ಉಸಿರು ಮುಗಿದು ದಣಿದಿರುವ ಕುದುರೆಗೆ ಬೀಳುವ ಆರನೆಯ ಏಟು ಏನನ್ನು ಹೇಳಿಕೊಡುತ್ತದೆ? ನಾರ್ವೆಯಲ್ಲಿ ಕುದುರೆಯನ್ನು ಓಡಿಸಲೆಂದು ಚಾಟಿ ಬೀಸುವುದನ್ನು ದಶಕಗಳ ಹಿಂದೆಯೇ ನಿಷೇಧಿಸಲಾಗಿದೆ, ಪಂದ್ಯಗಳು ಅಲ್ಲಿ ಈಗಲೂ ನಡೆಯುತ್ತಿವೆ.