ಅತ್ತಿಗೆಯ ಚಕ್ಕುಲಿ

24 ಆಗಸ್ಟ್ 2025, ಆದಿತ್ಯವಾರ, ರಾತ್ರಿ

ಚೌತಿಗೆ ಇನ್ನು ಮೂರೇ ದಿನ, ಮಳೆ ಬಿಡುವ ಲಕ್ಷಣ ಇಲ್ಲ. ಬೆಳಿಗ್ಗೆ ಬಿಜೈಯ ಅಂಗಡಿಯಲ್ಲಿ ಒಂದು ರಸ್ಕ್ ಪ್ಯಾಕೆಟಿನ ಹಿಂಬದಿ ಓದ್ತಾ ನಿಂತಿದ್ದೆ. ಹಾಲಿಲ್ಲ, ಬೆಣ್ಣೆ ಇಲ್ಲ ಅಂತ ಖುಷಿ ಆಗುವಷ್ಟರಲ್ಲಿ ಸಣ್ಣ ಅಕ್ಷರದಲ್ಲಿ ಪಾಮೋಲಿನ್, ಅಂದ್ರೆ ತಾಳೆ ಎಣ್ಣೆ. ಹಾಲು, ತುಪ್ಪದ ಹಾಗೆ ಅದನ್ನೂ ಬಿಟ್ಟವಳು ನಾನು. ಇನ್ನೊಂದರಲ್ಲಿ ಎಣ್ಣೆ ಸೂರ್ಯಕಾಂತಿಯದ್ದೇ, ಆದ್ರೆ ಕೆಳಗೆ ಎಮಲ್ಸಿಫೈಯರ್ 471, ಎಣ್ಣೆ ನೀರು ಬೆರೆಯಲಿಕ್ಕೆ ಹಾಕುವಂಥದ್ದು. ಅದನ್ನು ತಾಳೆ ಎಣ್ಣೆಯಿಂದಲೂ ಮಾಡ್ತಾರೆ, ಸೋಯಾದಿಂದಲೂ ಮಾಡ್ತಾರೆ, ಪ್ರಾಣಿ ಕೊಬ್ಬಿಂದಲೂ ಆಗ್ತದೆ. ಹಸಿರು ಚುಕ್ಕೆ ನೋಡಿದ್ರೆ ಕೊಬ್ಬಲ್ಲ ಅಂತ ಗೊತ್ತಾಗ್ತದೆ ಅಷ್ಟೆ, ಯಾವ ಎಣ್ಣೆ ಅಂತ ಬರೆದಿರ್ಲಿಲ್ಲ. ಬರೀಬೇಕಿತ್ತು. ಎರಡನ್ನೂ ವಾಪಸ್ ಇಟ್ಟು ಬಂದೆ.

ಸಂಜೆ ಉಡುಪಿಯಿಂದ ಅತ್ತಿಗೆಯ ಫೋನ್.

"ನಿನಗೆ ಬೇರೆಯೇ ಮಾಡಿದ್ದೇನೆ ಮಾರಾಯ್ತಿ, ಬೆಣ್ಣೆ ಒಂದು ಚೂರೂ ಮುಟ್ಟಿಸ್ಲಿಲ್ಲ."

"ಮತ್ತೆ ಎಂತ ಹಾಕಿದ್ದು ಅತ್ತಿಗೆ?"

"ವನಸ್ಪತಿ. ಎಷ್ಟು ಗರಿಗರಿ ಬಂದಿದೆ ಕೇಳು" ಅಂತ ಫೋನಿನ ಹತ್ರ ಒಂದು ಚಕ್ಕುಲಿ ಮುರಿದ್ರು. ಟಕ್ ಅಂತ ಕೇಳ್ಸಿತು.

ನಂಗೆ ಮಾತೇ ಬರ್ಲಿಲ್ಲ. ಎರಡು ವರ್ಷದ ಹಿಂದೆ, ತುಪ್ಪವೂ ಇಲ್ವಾ, ಮತ್ತೆ ಎಂತ ತಿಂತಿ ನೀನು ಅಂತ ಬೇಜಾರು ಮಾಡ್ಕೊಂಡವರು, ಈಗ ನನಗೋಸ್ಕರ ಹಿಟ್ಟು ಬೇರೆ ಕಲಸಿ, ಬೇರೆ ಡಬ್ಬಿಯಲ್ಲಿ ಹಾಕಿ ಇಟ್ಟಿದ್ದಾರೆ. ನಮ್ಮಲ್ಲಿ ಸಿಗುವ ವನಸ್ಪತಿ ಹೆಚ್ಚಿನದ್ದೂ ತಾಳೆ ಎಣ್ಣೆಯದ್ದೇ ಅಂತ ಅವರಿಗೆ ಹೇಗೆ ಹೇಳುದು? ಹೇಳಿದೆ ಕೊನೆಗೆ.

"ಅದು ಮರದ ಕಾಯಿಯ ಎಣ್ಣೆ ಅಲ್ವಾ, ಅದ್ರಲ್ಲಿ ಯಾವ ಪ್ರಾಣಿ?"

ಸುಮಾತ್ರಾ, ಬೋರ್ನಿಯೋದಲ್ಲಿ ಕಾಡು ಕಡಿದು ತಾಳೆ ತೋಟ ಮಾಡಿದ್ದು, ಒರಾಂಗುಟಾನ್‌ಗಳಿಗೆ ಇರ್ಲಿಕ್ಕೆ ಜಾಗ ಇಲ್ಲದ್ದು, ಅದ್ರ ಮರಿ ಆರೇಳು ವರ್ಷ ತಾಯಿ ಹಾಲು ಕುಡೀತದೆ ಅಂತ ಎಲ್ಲ ಹೇಳ್ತಾ ಹೋದೆ, ಕರುವಿನ ಪಾಲಿನ ಹಾಲು ಬೇಡ ಅಂತ ಬಿಟ್ಟವಳಿಗೆ ಈ ಮರಿಯನ್ನು ಮರೀಲಿಕ್ಕೆ ಹೇಗೆ ಆಗ್ತದೆ ಅತ್ತಿಗೆ ಅಂದೆ, ಪ್ರಪಂಚದಲ್ಲೇ ಅತಿ ಹೆಚ್ಚು ತಾಳೆ ಎಣ್ಣೆ ತರಿಸುವುದು ನಾವು, ನಮ್ಮ ಪಣಂಬೂರಿಗೂ ಹಡಗಿನಲ್ಲಿ ಬರ್ತದೆ ಅಂತಲೂ ಹೇಳಿದೆ.

ಆ ಕಡೆ ಸುಮ್ಮನಾದ್ರು. ಆಮೇಲೆ ಮೆಲ್ಲ, "ತೆಂಗಿನೆಣ್ಣೆ 400 ದಾಟಿದೆ, ಗೊತ್ತುಂಟಲ್ಲ ನಿನಗೆ? ಕರಿಲಿಕ್ಕೂ ಈ ಸರ್ತಿ ಪಾಮೋಲಿನ್ನೇ ತಂದದ್ದು."

ಗೊತ್ತುಂಟು. ಅಣ್ಣನ ಸಂಬಳ ಎಷ್ಟು ಅಂತಲೂ ಗೊತ್ತುಂಟು. ನಾನು ಒಬ್ಬಳೇ ಇರುವವಳು, ಅರ್ಧ ಲೀಟರ್ ಗಾಣದ ಎಣ್ಣೆಯಲ್ಲಿ ನಂದು ತಿಂಗಳು ಕಳೀತದೆ. ಐದು ಜನರ ಮನೆಯಲ್ಲಿ ಹಬ್ಬದ ಬಾಣಲೆ ಇಡುವವರಿಗೆ ನಾನು ಎಂತ ಹೇಳುದು?

ಫೋನ್ ಇಡುವಾಗ ಅವರೇ ಕೇಳಿದ್ರು, ಹಿಟ್ಟಿಗೆ ತೆಂಗಿನೆಣ್ಣೆ ಬಿಸಿ ಮಾಡಿ ಹಾಕಿದ್ರೆ ಗರಿಗರಿ ಬರ್ತದಾ ಅಂತ. ಬರ್ತದೆ ಅಂದೆ. ನಾಡಿದ್ದು ಎರಡು ಲೀಟರ್ ಎಣ್ಣೆ ಹಿಡ್ಕೊಂಡು ಬಸ್ಸು ಹತ್ತುದು ಅಂತ ಮಾಡಿದ್ದೇನೆ, ಹೊಸತು ಮಾಡುವ ಒಟ್ಟಿಗೆ ಕೂತು. ಆದ್ರೆ ಆಗಲೇ ಮಾಡಿಟ್ಟ ಆ ಒಂದು ಡಬ್ಬಿ, ನನ್ನ ಹೆಸರಿನದ್ದು, ಅವರು ಮುಚ್ಚಳ ತೆಗ್ದು ಎದುರಿಗೆ ಇಟ್ರೆ